ಬದುವಿನ ಮೇಲಿನ ಬೂಟು

ತಿಮ್ಮಣ್ಣನ ಬಾಯಿಂದ ‘ಒಲ್ಲೆ’ ಎಂಬ ಮಾತು ಹೊರಟದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ನನಗೆ ಅವನ ಮೇಲಿರುವ ಸಿಟ್ಟಿಗೆ ಇದೊಂದೇ ಕಾರಣ. ಯಾರು ಕರೆದರೂ ಹೂಂ, ಎಲ್ಲಿಗೆ ಕರೆದರೂ ಹೂಂ. ಚಹಾ ಕುಡಿಯುತ್ತಿದ್ದಾಗ ಯಾರಾದರೂ ಬದುವಿನ ಮೇಲಿಂದ ಕೂಗಿದರೆ ಗ್ಲಾಸು ಅರ್ಧಕ್ಕೇ ಬಿಟ್ಟು ಎದ್ದು ಹೋಗುವ ಗಂಡಸು. “ಚಾಕ್ಕಾದ್ರೂ ಮರ್ಯಾದಿ ಕೊಡೋ ಮಾರಾಯ” ಎಂದು ನಾನು ಬೈದರೆ ಅದಕ್ಕೂ ಹೂಂ ಎನ್ನುತ್ತಿದ್ದ.

ನಾನು ಮೆಹರುನಬಿ. ಗಂಗಾವತಿಯಿಂದ ಕಾಲುವೆಯ ಗುಂಟ ಬಂದರೆ ಸಿಗುವ ನಮ್ಮ ಕ್ಯಾಂಪಿನ ಸೇತುವೆಯ ಪಕ್ಕ ನನ್ನ ಚಹಾದಂಗಡಿ. ಹಿಂದೆ ಆಂಧ್ರದಿಂದ ಗದ್ದೆ ಮಾಡಲು ಬಂದವರು ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಕ್ಯಾಂಪು ಎನ್ನುತ್ತಾರೆ. ಈಗ ಎಲ್ಲ ಕಡೆಯವರೂ ಇದ್ದೇವೆ. ನಮ್ಮವರು, ನನ್ನ ಗಂಡ ನೂರಸಾಬರು, ಟಂಟಂ ಆಟೊ ಓಡಿಸುತ್ತಾರೆ. ನನ್ನ ಒಲೆಯ ಮುಂದೆ ನಿಂತರೆ ಕಾಲುವೆಯ ಕೆಳಗಿನ ಗದ್ದೆಗಳೆಲ್ಲ ಕಾಣುತ್ತವೆ. ಯಾರು ಯಾವಾಗ ಬಂದರು, ಯಾರು ಯಾರ ನೀರು ತಿರುಗಿಸಿಕೊಂಡರು, ಎಲ್ಲವೂ ನನಗೆ ಗೊತ್ತಾಗುತ್ತದೆ. ಹಾಗಾಗಿ ತಿಮ್ಮಣ್ಣನ ವಿಷಯ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಯಾರಿಗಾದರೂ ಬೇಜಾರಾದರೆ ಆಗಲಿ.

ಅವನು ಹುಲಿಹೈದರದ ಕಡೆಯವನು. ಮದುವೆಯಾದ ಹೊಸದರಲ್ಲಿ ಹೆಂಡತಿ ದುರ್ಗಾದೇವಿಯನ್ನು ಕರೆದುಕೊಂಡು ಭತ್ತದ ನಾಟಿಗೆಂದು ಬಂದವನು ಕಾಲುವೆಯ ಬುಡದಲ್ಲಿ ಒಂದು ತಗಡಿನ ಮನೆ ಹಾಕಿಕೊಂಡು ಇಲ್ಲೇ ಉಳಿದುಬಿಟ್ಟ. ದುರ್ಗಾದೇವಿ ನಾಟಿ ಹಚ್ಚುವುದರಲ್ಲಿ, ಕಳೆ ತೆಗೆಯುವುದರಲ್ಲಿ ಹೆಣ್ಣಾಳುಗಳ ಮುಂದಾಳು. ಗಟ್ಟಿ ಹೆಂಗಸು, ನಗುವುದು ಕಡಿಮೆ, ನಕ್ಕರೆ ಸೇತುವೆಯ ಆಚೆಗೂ ಕೇಳುತ್ತದೆ. ಒಬ್ಬಳೇ ಮಗಳು, ಅವಳನ್ನು ಕುಷ್ಟಗಿ ಕಡೆ ಕೊಟ್ಟಿದ್ದಾರೆ.

ತಿಮ್ಮಣ್ಣನ ಕೆಲಸ ಎಣ್ಣೆ ಹೊಡೆಯುವುದು. ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು, ಅಡುಗೆಗೆ ಹಾಕುವ ವಸ್ತುವಿನ ಹಾಗೆ. ಭತ್ತಕ್ಕೆ ಬೀಳುವ ಜಿಗಿಹುಳು ಮೇಲೆ ಎಲೆಯಲ್ಲಿ ಕೂರುವುದಿಲ್ಲ. ಬುಡದಲ್ಲಿ, ನೀರಿನ ಹತ್ತಿರ ಕೂತು ರಸ ಹೀರುತ್ತದೆ. ಆಮೇಲೆ ಬೆಳೆ ದುಂಡಗೆ ಸುಟ್ಟುಕೊಂಡು ಬರುತ್ತದೆ, ಗದ್ದೆಯ ನಡುವೆ ಯಾರೋ ಕಾದ ಹೆಂಚು ಇಟ್ಟು ತೆಗೆದ ಹಾಗೆ. ಅದಕ್ಕೆ ಹೊಡೆಯಬೇಕಾದರೆ ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು, ಒಂದು ಕೈಯಲ್ಲಿ ಕೋಲು ಹಿಡಿದು ಬೆಳೆ ಸರಿಸಿ, ಇನ್ನೊಂದು ಕೈಯಲ್ಲಿ ಬುಡಕ್ಕೇ ಹೊಡೆಯಬೇಕು. ಬೆನ್ನ ಮೇಲೆ ಪಂಪು. ತಿಮ್ಮಣ್ಣ ಹಸಿ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಇಳಿಯುತ್ತಿದ್ದ, ಮೇಲೆ ಬಂದ ಮೇಲೆ ಬೆಲ್ಲ ತಿನ್ನುತ್ತಿದ್ದ. ಬೆಲ್ಲ ತಿಂದರೆ ಎಣ್ಣೆ ಮೈಗೆ ಹತ್ತುವುದಿಲ್ಲವಂತೆ. ನನ್ನ ಅಂಗಡಿಯ ಬೆಲ್ಲವೆಲ್ಲ ಅವನೇ ಖಾಲಿ ಮಾಡಿದ.

ಬೆಲ್ಲದ ಬಂಡವಾಳ ಹೋದ ವರ್ಷದ ಮುಂಗಾರಿನಲ್ಲಿ ಗೊತ್ತಾಯಿತು. ಮಧ್ಯಾಹ್ನ ಬದುವಿನ ಮೇಲೆ ಬಿದ್ದ. ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ನಮ್ಮವರೇ ಟಂಟಂನಲ್ಲಿ ಹಾಕಿಕೊಂಡು ಗಂಗಾವತಿ ದವಾಖಾನೆಗೆ ಒಯ್ದರು. ಬದುಕಿ ಬಂದ. ಆದರೆ ಅಂದಿನಿಂದ ಎಡಗೈ ನಡುಗತೊಡಗಿತು. ಗ್ಲಾಸು ಹಿಡಿದರೆ ಚಹಾ ತುಳುಕಿ ಅಂಗಿಯ ಮೇಲೆ. ನಾನು ಏನೂ ಹೇಳದೆ ಅವನಿಗೆ ಅರ್ಧ ಗ್ಲಾಸು ಹಾಕತೊಡಗಿದೆ, ಅವನೂ ಏನೂ ಕೇಳದೆ ಎರಡು ಸಲ ಇಸಿದುಕೊಳ್ಳತೊಡಗಿದ.

ದವಾಖಾನೆಯಿಂದ ಬಂದ ಮಾರನೆಯ ದಿನ ದುರ್ಗಾದೇವಿ ನನ್ನ ಒಲೆಯ ಪಕ್ಕ ಬಂದು ಕೂತಳು.

“ಡಾಕ್ಟರು ಏನಂದ್ರು?” ಎಂದು ನಾನೇ ಕೇಳಿದೆ.

“ಎಣ್ಣಿ ಮೈಯಾಗ ಕುಂತೈತಿ ಅಂದ್ರು. ಇನ್ನೊಮ್ಮಿ ಮೈಗೆ ಹತ್ತಿದ್ರ ಇಲ್ಲಿಗೆ ಕರಕೊಂಡು ಬರಬ್ಯಾಡ್ರಿ, ಬಂದು ಉಪಯೋಗಿಲ್ಲ ಅಂದ್ರು.”

“ಮತ್ತ ಅಂವ ಏನಂತಾನ?”

“ಹೂಂ ಅಂತಾನ” ಎಂದಳು. “ನನಗೂ ಹೂಂ ಅಂತಾನ, ಪಂಪು ತಗೊಂಡು ಬಾ ಅಂದವರಿಗೂ ಹೂಂ ಅಂತಾನ. ನಾ ಏನ ಮಾಡ್ಲಿ ನಬಿಯಕ್ಕ?”

ಇಷ್ಟು ವರ್ಷ ಒಂದೇ ಕೆಲಸ ಮಾಡಿದವನು, ಕೈ ಬೇರೆ ನಡುಗುತ್ತದೆ, ಹೊರೆ ಕಟ್ಟಲಾರ, ಮೂಟೆ ಎತ್ತಲಾರ. ಮತ್ತೆ ಮುಂಗಾರು ಬಂದರೆ ಮತ್ತೆ ಜಿಗಿಹುಳು, ಮತ್ತೆ ಕರೆ. ಅವನನ್ನು ಎಣ್ಣೆಯಿಂದ ದೂರ ಇಡುವುದೊಂದೇ ದುರ್ಗಾದೇವಿಗೆ ಬೇಕಾಗಿದ್ದದ್ದು. ಬೇರೆ ಏನನ್ನೂ ಅವಳು ಯಾರ ಹತ್ತಿರವೂ ಕೇಳಿರಲಿಲ್ಲ.

ಈ ವರ್ಷ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಒಂದು ಜೀಪು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಇಳಿದವಳು ಒಂದು ಹುಡುಗಿ, ಹೆಸರು ಅನ್ನಪೂರ್ಣ. ಕಿನ್ನಾಳದವಳು, ಕೃಷಿ ಓದಿ ಯಾವುದೋ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅವಳ ಕೈಯಲ್ಲಿ ಹಲಗೆಯಷ್ಟು ದೊಡ್ಡ ಫೋನು. ಅದರಲ್ಲಿ ನಮ್ಮ ಕಾಲುವೆ, ಸೇತುವೆ, ಗದ್ದೆಗಳೆಲ್ಲ ಮೇಲಿಂದ ನೋಡಿದ ಹಾಗೆ ಕಾಣುತ್ತಿದ್ದವು. ಬಾನಿನಲ್ಲಿ ತಿರುಗುವ ಸೆಟ್‌ಲೈಟು ತೆಗೆದ ಚಿತ್ರವಂತೆ. ಕೆಲವು ಕಡೆ ಹಸಿರು, ಕೆಲವು ಕಡೆ ಹಳದಿ. ಕೆಂಪು ಬಂದರೆ ಅಲ್ಲಿ ಬೆಳೆಗೆ ಏನೋ ಆಗಿದೆ ಎಂದು ಅರ್ಥವಂತೆ.

“ಬಣ್ಣ ಹಚ್ಚೋದು ನಿಮ್ಮೂರವರಿಗೆ ಹೇಳಿಕೊಡಬೇಕೇನು” ಎಂದು ನಾನು ಛೇಡಿಸಿದೆ. ಕಿನ್ನಾಳದ ಗೊಂಬೆಗಳ ಬಣ್ಣ ಯಾರಿಗೆ ಗೊತ್ತಿಲ್ಲ. ಹುಡುಗಿ ನಕ್ಕಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು.

ಗೌರೀಶ ಮುಂದೆ ಬಂದು ಕೂತ. ಸೇತುವೆಯ ಕೆಳಗಿನ ದೊಡ್ಡ ಗದ್ದೆ ಅವನದು. “ಅಷ್ಟು ಮ್ಯಾಲಿಂದ ನೋಡಿದ್ರ ನನ್ನ ಗದ್ದ್ಯಾಗಿನ ಹುಳ ಕಾಣ್ತೈತೇನವ್ವ?” ಎಂದ.

“ಹುಳ ಕಾಣಂಗಿಲ್ರಿ. ಹುಳ ಕುಂತ ಬೆಳಿ ಬ್ಯಾರೆ ಬಣ್ಣ ತೋರಸ್ತೈತಿ. ನೀವು ಬದುವಿನ ಮ್ಯಾಲ ನಿಂತು ನೋಡಿದ್ರ ಅಂಚು ಅಷ್ಟ ಕಾಣ್ತೈತಿ. ಸೆಟ್‌ಲೈಟಿಗೆ ನಡುವಿಂದೂ ಕಾಣ್ತೈತಿ. ಹುಲಿಹೈದರದಿಂದ ಹಿಟ್ನಾಳದ ತನಕ ಒಂದ ಸಲಕ್ಕ ನೋಡಬಹುದು.”

ಕೆಂಪು ಕಂಡಲ್ಲಿ ಮಾತ್ರ ಎಣ್ಣೆ ಹೊಡೆದರೆ ಸಾಕು, ಊರಿಗೆ ಊರೇ ಹೊಡೆಯುವುದು ಬೇಡ ಎಂದು ಅವಳು ತಿಳಿಸಿ ಹೇಳಿದಳು. ಆದರೆ ಮೇಲಿಂದ ಕಂಡ ಕೆಂಪು ಹುಳದ್ದೋ, ನೀರಿಲ್ಲದ್ದೋ, ಗೊಬ್ಬರದ್ದೋ ಎಂದು ಯಾರಾದರೂ ಗದ್ದೆಗಿಳಿದು ನೋಡಿ, ಫೋಟೋ ತೆಗೆದು ಕಳಿಸಬೇಕು. ಅದಕ್ಕೊಬ್ಬ ಊರಿನ ಆಳು ಬೇಕಿತ್ತು.

ಅಲ್ಲಿ ಗಂಡಸರು ಕೂತಿದ್ದರು. ದುರ್ಗಾದೇವಿ ತಲೆಯ ಮೇಲೆ ಸಸಿಯ ಸಿವುಡು ಹೊತ್ತು ಸೇತುವೆ ದಾಟುತ್ತಿದ್ದಳು. ಅವಳು ಸಿವುಡು ಇಳಿಸಿ ನೇರ ಬಂದು ಆ ಹುಡುಗಿಯ ಎದುರಿಗೆ ನಿಂತಳು. ಜೀಪಿನಲ್ಲಿ ಬಂದವರ ಜೊತೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

“ಪಂಪು ಹೊರೂದು ಇರಂಗಿಲ್ಲಲ್ರಿ?”

“ಪಂಪು ಮುಟ್ಟೂದ ಇಲ್ಲವ್ವ. ನಡಿಯೂದು, ನೋಡೂದು, ಫೋಟೋ ತೆಗಿಯೂದು.”

“ಹಂಗಾದ್ರ ನಮ್ಮವರನ್ನ ತಗೋರಿ. ಇಲ್ಲಿ ಅವರು ಇಳೀಲಾರದ ಗದ್ದಿ ಇಲ್ಲ.”

ಹಾಗೆ ತಿಮ್ಮಣ್ಣನಿಗೆ ಕೆಲಸ ಸಿಕ್ಕಿತು. ಒಂದು ಫೋನು, ಒಂದು ನೀಲಿ ಟೊಪ್ಪಿಗೆ, ಮೊಣಕಾಲಿನವರೆಗೆ ಬರುವ ಕರಿ ರಬ್ಬರಿನ ಬೂಟು ಕೊಟ್ಟರು. ಟೊಪ್ಪಿಗೆ ಹಾಕಿಕೊಂಡು ಅವನು ಸೇತುವೆಯ ಮೇಲೆ ನಿಂತಾಗ ದುರ್ಗಾದೇವಿ ಆ ಹಲಗೆ ಫೋನಿನೊಳಗೆ ಬಗ್ಗಿ ನೋಡಿ, “ಇದರಾಗ ನಮ್ಮವರು ಕಾಣ್ತಾರೇನ್ರಿ? ಎಲ್ಲಿ ಕುಂತು ಹರಟಿ ಹೊಡ್ಯಾಕ ಹತ್ಯಾರ ಅಂತ ನಾ ಮನ್ಯಾಗ ಇದ್ದು ನೋಡ್ತೀನಿ” ಎಂದಳು.

“ಕಾಣ್ತಾರವ್ವ” ಎಂದಳು ಅನ್ನಪೂರ್ಣ, ನಗುತ್ತ. “ಟೊಪ್ಪಿಗಿ ಹಾಕ್ಕೊಂಡಿದ್ರ ಕಾಣ್ತಾರ.”

ದುರ್ಗಾದೇವಿ ನಕ್ಕದ್ದು ಸೇತುವೆಯ ಆಚೆಗೂ ಕೇಳಿತು. ಅಂದು ಸಂಜೆ ಅವಳು ಪಂಪನ್ನು ಆಡಿನ ಕೊಟ್ಟಿಗೆಯ ತೊಲೆಗೆ ತಲೆಕೆಳಗಾಗಿ ಕಟ್ಟಿಹಾಕಿದಳು. ಬಿಚ್ಚಲು ಬಾರದಂಥ ಗಂಟು ಹಾಕಿದಳಂತೆ.

ಆಮೇಲೆ ಕೆಲವು ವಾರ ಚೆನ್ನಾಗಿದ್ದವು. ಹೇಳುವುದಕ್ಕೆ ಅಷ್ಟೇ ಇದೆ. ಮೋಡ ಕಟ್ಟಿಕೊಂಡೇ ಇತ್ತು. ಸೆಟ್‌ಲೈಟು ಬಂದು ಹೋದರೂ ಚಿತ್ರದಲ್ಲಿ ಬರೀ ಬಿಳಿ, ಅರಳೆ ಹಾಸಿದ ಹಾಗೆ. ಮೋಡದ ಮೇಲಿನಿಂದ ಅದಕ್ಕೇನೂ ಕಾಣುವುದಿಲ್ಲ ಎಂದು ಅನ್ನಪೂರ್ಣ ಹೇಳಿದಳು. “ನಮ್ಮ ನೂರಸಾಬರ ಚಷ್ಮಾ ಇದ್ದಂಗ ಐತಿ ಬಿಡು, ಬೇಕಾದಾಗ ಕಾಣಂಗಿಲ್ಲ” ಎಂದು ನಾನಂದೆ. ತಿಮ್ಮಣ್ಣನಿಗೆ ಮಾಡಲು ಕೆಲಸವೇ ಇರಲಿಲ್ಲ. ಟೊಪ್ಪಿಗೆ ಹಾಕಿಕೊಂಡು ಬದುಗಳ ಮೇಲೆ ತಿರುಗಾಡುವುದು, ಫೋನು ನೋಡುವುದು, ನನ್ನ ಅಂಗಡಿಯಲ್ಲಿ ಕೂರುವುದು. ಕೈ ನಡುಗುವುದು ಕಡಿಮೆಯಾಗಿತ್ತು. ಒಂದು ದಿನ ನಾನು ಪೂರ್ತಿ ಗ್ಲಾಸು ತುಂಬಿ ಮುಂದಿಟ್ಟೆ. ಅವನು ನನ್ನ ಮುಖ ನೋಡಿ, ಎತ್ತಿ, ಒಂದು ಹನಿ ಚೆಲ್ಲದೆ ಕುಡಿದ. ಆ ದಿನ ಅವನಿಂದ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಶೀಗಿ ಹುಣ್ಣಿಮೆಗೆ ಮೊದಲು ಬಾನು ತಿಳಿಯಾಯಿತು. ಚಿತ್ರ ಬಂತು. ನಮ್ಮ ಕಾಲುವೆಯ ಕೆಳಗೆ ಮೂರು ಕಡೆ ಕೆಂಪು. ತಿಮ್ಮಣ್ಣ ಬೂಟು ಹಾಕಿಕೊಂಡು ಹೋಗಿ, ಬುಡ ತಟ್ಟಿ ನೋಡಿ, ಜಿಗಿಹುಳುವಿನ ಫೋಟೋ ಕಳಿಸಿದ. ಅನ್ನಪೂರ್ಣ ಜೀಪು ತೆಗೆದುಕೊಂಡು ಓಡಿ ಬಂದು ನನ್ನ ಅಂಗಡಿಯ ಮುಂದೆಯೇ ಎಲ್ಲರಿಗೂ ಹೇಳಿದಳು: ಈ ಮೂರು ಜಾಗದಲ್ಲಿ ಮಾತ್ರ ಹೊಡೆಯಿರಿ, ಹಸಿರಿದ್ದ ಗದ್ದೆ ಮುಟ್ಟಬೇಡಿ. ಅಲ್ಲಿ ಜೇಡ ಇದೆ, ಜೇಡ ಜಿಗಿಹುಳುವನ್ನು ತಿನ್ನುತ್ತದೆ. ಎಣ್ಣೆಗೆ ಮೊದಲು ಸಾಯುವುದು ಜೇಡ, ಆಮೇಲೆ ಜಿಗಿಹುಳುವಿಗೆ ಯಾರ ಹೆದರಿಕೆಯೂ ಇರುವುದಿಲ್ಲ.

ಎಲ್ಲರೂ ತಲೆ ಅಲ್ಲಾಡಿಸಿದರು. ಚಹಾ ಕುಡಿದರು. ಅವಳ ಜೀಪು ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದವನ ಹಾಗೆ ಗೌರೀಶ ಬಾಯಿ ತೆರೆದ.

“ಬಾಜೂ ಗದ್ದಿಗೆ ಹೊಡದ್ರ ಅಲ್ಲಿಂದು ಹುಳ ಸುಮ್ಮ ಕುಂದರ್ತೈತೇನು? ಜಿಗಿದು ನನ್ನ ಗದ್ದಿಗೆ ಬರ್ತೈತಿ. ನಾ ಅಂತೂ ಹೊಡ್ಯಾಂವ.”

ಗೌರೀಶ ಹೊಡೆದರೆ ಅವನ ಪಕ್ಕದವನು ಬಿಡುತ್ತಾನೆಯೇ. ಅವನು ಹೊಡೆದರೆ ಅವನ ಕೆಳಗಿನವನು. ಹಿಂದೆಲ್ಲ ತನ್ನ ಗದ್ದೆಯಲ್ಲಿ ಹುಳ ಕಂಡವನು ಹೊಡೆಯುತ್ತಿದ್ದ. ಈಗ ಕಂಪನಿ ಕಳಿಸುವ ಚಿತ್ರದಿಂದ ಎಲ್ಲರ ಗದ್ದೆಯೂ ಎಲ್ಲರ ಫೋನಿನಲ್ಲಿ ಕಾಣುತ್ತಿತ್ತು. ದೂರದ ಕೆಂಪು ಚುಕ್ಕಿ ನೋಡಿದವನಿಗೂ ಎದೆ ಧಸಕ್ ಎನ್ನುತ್ತಿತ್ತು. ಆ ವಾರ ಕಾಲುವೆಯ ಕೆಳಗೆ ಎಣ್ಣೆ ಬೀಳದ ಗದ್ದೆ ಉಳಿಯಲಿಲ್ಲ. ಒಂದು ಎಣ್ಣೆ ಸಾಲದು ಎಂದು ಎರಡು ಮೂರು ಕೂಡಿಸಿ ಹೊಡೆದರು. ಹೊರಗಿನಿಂದ ಆಳುಗಳು ಬಂದರು. ನನ್ನ ಚಹಾಕ್ಕೂ ಎಣ್ಣೆಯ ವಾಸನೆ ಹತ್ತಿತು.

ಮುಂದಿನ ಚಿತ್ರದಲ್ಲಿ ಮೂರರ ಜಾಗದಲ್ಲಿ ಕೆಂಪು ಎಣಿಸಲಾರದಷ್ಟಾಗಿತ್ತು. ಅನ್ನಪೂರ್ಣ ಹೇಳಿದಂತೆಯೇ ಆಗಿತ್ತು, ಆದರೆ ಅದನ್ನು ಒಪ್ಪುವವರು ಯಾರು. ಕೆಂಪು ಹೆಚ್ಚಾಗಿದೆ ಎಂದರೆ ಎಣ್ಣೆ ಸಾಲಲಿಲ್ಲ ಎಂದು ಅರ್ಥ ಮಾಡಿಕೊಂಡರು. ಮತ್ತೆ ಹೊಡೆದರು. ಮತ್ತೆ ಕೆಂಪಾಯಿತು. ಆ ಹುಡುಗಿ ನನ್ನ ಅಂಗಡಿಯ ಮುಂದೆ ನಿಂತು ಗಂಟಲು ಬಿದ್ದುಹೋಗುವವರೆಗೆ ಹೇಳಿದಳು. ಗೌರೀಶ ಅವಳಿಗೆ ಚಹಾ ಕುಡಿಸಿದ, ಅಷ್ಟೇ.

ಈಗ ತಿಮ್ಮಣ್ಣನ ವಿಷಯ. ಕೆಂಪು ಕಂಡಲ್ಲೆಲ್ಲ ಅವನು ಇಳಿಯಬೇಕು, ಅದೇ ಅವನ ಕೆಲಸ. ಕೆಂಪು ಕಂಡಲ್ಲೆಲ್ಲ ಆಗತಾನೆ ಎಣ್ಣೆ ಬಿದ್ದಿರುತ್ತಿತ್ತು. ಪಂಪು ಹೊತ್ತಿದ್ದಾಗ ಅವನು ಒಂದು ದಿನಕ್ಕೆ ಒಂದೆರಡು ಗದ್ದೆ ಹೊಡೆಯುತ್ತಿದ್ದ, ಅದೂ ಟವೆಲ್ಲು ಕಟ್ಟಿಕೊಂಡು. ಈಗ ಊರಿನ ಎಲ್ಲ ಎಣ್ಣೆಯ ನಡುವೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತಿದ್ದ. ಎದೆಮಟ್ಟದ ಬೆಳೆ, ಎಲೆಯ ತುಂಬ ಎಣ್ಣೆ, ಕಾಲ ಬುಡದಲ್ಲಿ ಎಣ್ಣೆಯ ನೀರು. ಟವೆಲ್ಲಿಲ್ಲ, ಬೆಲ್ಲವೂ ಇಲ್ಲ. ಎಣ್ಣೆ ಹೊಡೆಯುವವನು ತಾನಲ್ಲವಲ್ಲ, ಮತ್ತೇಕೆ ಎಂದು ಅವನ ಲೆಕ್ಕ.

ಬೂಟಾದರೂ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಬೂಟು ಶೀಗಿ ಹುಣ್ಣಿಮೆಯವರೆಗೆ ಇತ್ತು. ಆ ಹುಣ್ಣಿಮೆಯ ಹೊತ್ತಿಗೆ ಭತ್ತ ಗರ್ಭ ಕಟ್ಟಿರುತ್ತದೆ. ಬಸುರಿ ಹೆಣ್ಣಿಗೆ ಉಡಿ ತುಂಬುವ ಹಾಗೆ ಅಂದು ಗದ್ದೆಗೆ ಉಡಿ ತುಂಬುತ್ತಾರೆ, ಅಡುಗೆ ಮಾಡಿ ಒಯ್ದು ಬೆಳೆಯೊಳಗೆ ಚೆಲ್ಲುತ್ತಾರೆ. ಆಮೇಲೆ ಕೊಯ್ಲಿನವರೆಗೆ ಅವರ ಪೈಕಿ ಯಾರೂ ಕಾಲಿಗೆ ಮೆಟ್ಟು ಹಾಕಿಕೊಂಡು ಗದ್ದೆಗಿಳಿಯುವುದಿಲ್ಲ. ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿಯುತ್ತಾರೆ. ತಿಮ್ಮಣ್ಣ ಬೂಟು ಬಿಟ್ಟು ಇಳಿಯತೊಡಗಿದ. ಬದುವಿನ ಮೇಲೆ ಎರಡು ಕರಿ ಬೂಟು ನಿಂತಿರುತ್ತಿದ್ದವು, ಬೆಳೆಯೊಳಗೆ ನೀಲಿ ಟೊಪ್ಪಿಗೆ ಸರಿಯುತ್ತಿರುತ್ತಿತ್ತು.

ನಾನು ಸುಮ್ಮನಿರಲಿಲ್ಲ. ಚಹಾಕ್ಕೆ ಬಂದವನನ್ನು ಹಿಡಿದು ನಿಲ್ಲಿಸಿ ಬೈದೆ.

“ಬೂಟು ಯಾಕ ಕೊಟ್ಟಾರ ನಿನಗ, ಬದುವಿಗೆ ಕಾವಲು ಇಡಾಕೇನು?”

“ಬಸುರಿ ಬೆಳಿ ಐತಿ ನಬಿಯಕ್ಕ. ಮೊನ್ನೆ ಅಷ್ಟ ಉಡಿ ತುಂಬೀವಿ. ಅದನ್ನ ಬೂಟುಗಾಲಿಲೆ ತುಳೀಲೇನು?”

“ಆ ಬಸುರಿ ಬೆಳಿಗೆ ನಿಮ್ಮವರು ವಿಷ ಹೊಡ್ಯಾಕ ಹತ್ಯಾರಲ್ಲ, ಅದಕ್ಕ ಏನೂ ಆಗಂಗಿಲ್ಲ?”

ತಿಮ್ಮಣ್ಣ ನಕ್ಕ. “ನೀ ಹೇಳೋದು ಖರೇ ಐತಿ” ಎಂದ. ಹೇಳಿ, ಬರಿಗಾಲಲ್ಲಿ ಇಳಿದು ಹೋದ. ಗ್ಲಾಸು ನೋಡಿದೆ. ಅರ್ಧ ಕುಡಿದು ಅರ್ಧ ಬಿಟ್ಟಿದ್ದ. ಕಲ್ಲಿನ ಮೇಲೆ ಚೆಲ್ಲಿದ ಚಹಾ ಇತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ದುರ್ಗಾದೇವಿಗೆ ಅಂದೇ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. “ಪಂಪು ಕಟ್ಟಿದಲ್ಲೇ ಐತಿ, ಗಂಟು ಬಿಚ್ಚಿಲ್ಲ” ಎಂದಳು. ದಿನಾ ಸಂಜೆ ಕೊಟ್ಟಿಗೆಗೆ ಹೋಗಿ ಆ ಗಂಟನ್ನು ಮುಟ್ಟಿ ನೋಡಿ ಬರುತ್ತಿದ್ದಳಂತೆ ಪಾಪ. ಅವನ ಬಟ್ಟೆಯಲ್ಲಿ ಎಣ್ಣೆಯ ವಾಸನೆ ಬರಲಿಲ್ಲವೇ ಎಂದರೆ, ಕ್ಯಾಂಪಿನಲ್ಲಿ ಯಾರ ಬಟ್ಟೆಯಲ್ಲಿ ಬರುತ್ತಿರಲಿಲ್ಲ? ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಅವನ ಕೈ ನೋಡಿದ್ದಾಳೆ. ಮಾರನೆಯ ದಿನ ಅವನ ಮುಂದೆಯೇ ಅನ್ನಪೂರ್ಣಳಿಗೆ ಫೋನು ಹಚ್ಚಿಸಿದಳು. ಆ ಹುಡುಗಿ ಗಾಬರಿಯಾಗಿ, ಎಣ್ಣೆ ಬಿದ್ದ ಗದ್ದೆಗೆ ಇಳಿಯಲೇಬೇಡಿ, ಫೋಟೋ ಹಾಳಾಗಿ ಹೋಗಲಿ, ನಾನು ಮೇಲಿನವರಿಗೆ ಹೇಳುತ್ತೇನೆ ಎಂದಳು. ತಿಮ್ಮಣ್ಣ ಹೂಂ ಎಂದ.

ಅದಾದ ಎರಡು ದಿನಕ್ಕೆ ಬೆಳಿಗ್ಗೆ ಗೌರೀಶ ಅವನನ್ನು ನನ್ನ ಅಂಗಡಿಯಲ್ಲೇ ಹಿಡಿದ. ಗೌರೀಶನ ಗದ್ದೆ ಪೂರ್ತಿ ಕೆಂಪಿಗೆ ತಿರುಗಿತ್ತು. ನೆಲದ ಮೇಲಿನ ಫೋಟೋ ಇಲ್ಲದಿದ್ದರೆ ಆ ಕೆಂಪನ್ನು ಹುಳದ್ದು ಎಂದು ಒಪ್ಪುವುದಿಲ್ಲ, ಬೆಳೆನಷ್ಟದ ಪರಿಹಾರಕ್ಕೆ ಸೇರಿಸುವುದಿಲ್ಲ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು.

“ಇವತ್ತ ಸೆಟ್‌ಲೈಟು ಬರೋ ದಿನ. ಬಾನೂ ತಿಳಿ ಐತಿ. ನನ್ನ ಗದ್ದಿ ನಡುವಿಂದು ಒಂದು ಫೋಟೋ ತೆಗಿ ತಿಮ್ಮಣ್ಣ.”

“ಎಣ್ಣಿ ಬಿದ್ದದ್ದು ಯಾವಾಗ?” ಎಂದು ನಾನು ಒಲೆಯ ಹಿಂದಿನಿಂದ ಕೇಳಿದೆ.

“ಬಿದ್ದು ಒಣಗೇತಿ ಬೇ. ನೀ ನಿನ್ನ ಚಾ ನೋಡ್ಕೊ” ಎಂದ ಗೌರೀಶ. ಅಂದು ನಸುಕಿನಲ್ಲೇ ಹೊಡೆಸಿದ್ದ, ಆಮೇಲೆ ಗೊತ್ತಾಯಿತು.

“ಒಲ್ಲೆ ಅನ್ನೋ” ಎಂದೆ ನಾನು ತಿಮ್ಮಣ್ಣನಿಗೆ. ಗೌರೀಶನ ಎದುರಿಗೇ ಅಂದೆ. “ಒಮ್ಮಿ ಅಂದು ನೋಡು, ಬಾಯಿ ಸವೆಯಂಗಿಲ್ಲ.”

ತಿಮ್ಮಣ್ಣ ನನ್ನ ಮುಖ ನೋಡಿದ, ಗೌರೀಶನ ಮುಖ ನೋಡಿದ. “ಒಂದ ಫೋಟೋ ಅಲ್ಲ, ಹಿಂಗ ಹೋಗಿ ಹಂಗ ಬರ್ತೀನಿ” ಎಂದು ಟೊಪ್ಪಿಗೆ ಸರಿ ಮಾಡಿಕೊಂಡು ಹೋದ. ಬದುವಿನ ಮೇಲೆ ಕೂತು ಬೂಟು ಕಳಚಿದ್ದು ನನಗೆ ಇಲ್ಲಿಂದ ಕಂಡಿತು. ಎರಡನ್ನೂ ಜೋಡಿಸಿ ಇಟ್ಟು, ಬೆಳೆಗೆ ಕೈ ಮುಗಿದು ಇಳಿದ.

ಗಿರಾಕಿಗಳು ಬಂದರು, ಚಹಾ ಕೊಟ್ಟೆ, ಗ್ಲಾಸು ತೊಳೆದೆ. ತಲೆ ಎತ್ತಿದಾಗಲೆಲ್ಲ ಟೊಪ್ಪಿಗೆ ಕಾಣುತ್ತಿತ್ತು. ಆಮೇಲೊಮ್ಮೆ ಕಾಣಲಿಲ್ಲ. ಬುಡ ನೋಡಲು ಬಗ್ಗಿರಬೇಕು, ದಿನಾ ಬಗ್ಗುತ್ತಾನೆ. ಬದುವಿನ ಮೇಲೆ ಬೂಟು ಇದ್ದವು. ಕಳೆ ತೆಗೆದು ಊಟಕ್ಕೆ ತಿರುಗಿದ ಹೆಣ್ಣಾಳುಗಳು ಆ ಬದುವಿನ ಮೇಲೆ ಬಂದರು, ಮುಂದೆ ದುರ್ಗಾದೇವಿ. ಬೂಟು ನೋಡಿ ನಿಂತಳು. ಒಮ್ಮೆ ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಅವಳು ಕರೆದದ್ದು ಕೇಳಿ ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿದೆ.

ಅವನು ಬೆಳೆಯ ನಡುವೆ ಮಗ್ಗುಲಾಗಿ ಬಿದ್ದಿದ್ದ. ಮುಖ ನೀರಿನಲ್ಲಿರಲಿಲ್ಲ, ಅಷ್ಟಾದರೂ ಇತ್ತು. ಕೈ ಜೋರಾಗಿ ನಡುಗುತ್ತಿತ್ತು. ಕೈಯೊಳಗಿನ ಫೋನನ್ನು ಗಟ್ಟಿಯಾಗಿ ಹಿಡಿದಿದ್ದ. ಹೆಣ್ಣಾಳುಗಳೇ ಎತ್ತಿ ತಂದರು. ನಮ್ಮವರು ಟಂಟಂ ಹಾರಿಸಿಕೊಂಡು ಹೋದರು. ದುರ್ಗಾದೇವಿ ಹಿಂದೆ ಅವನ ಕೈ ಹಿಡಿದು ಕೂತಿದ್ದಳು. ಗಂಗಾವತಿ ಇನ್ನೂ ಮುಟ್ಟಿರಲಿಲ್ಲವಂತೆ, ಅವಳು ಮುಂದಕ್ಕೆ ಬಗ್ಗಿ, “ಅಣ್ಣಾರ, ಕೈ ನಡುಗೂದು ನಿಂತೈತಿ, ಆರಾಮಾದ್ರು ಕಾಣ್ತೈತಿ” ಎಂದಳಂತೆ. ನಮ್ಮವರು ಕನ್ನಡಿಯಲ್ಲಿ ನೋಡಿದರು. ಅವಳಿಗೆ ಹೇಳಲು ಬಾಯಿ ಬರಲಿಲ್ಲ. ದವಾಖಾನೆಯವರೆಗೂ ಹಾಗೇ ಓಡಿಸಿದರು. ಇದನ್ನು ನನಗೆ ಹೇಳುವಾಗ ಆ ಗಂಡಸು ಗೋಡೆಗೆ ಮುಖ ಮಾಡಿ ಅತ್ತರು.

ಬೆನ್ನ ಮೇಲೆ ಪಂಪು ಇರಲಿಲ್ಲ. ಹಾಗಾಗಿ ಎಣ್ಣೆಯಿಂದ ಸತ್ತ ಎಂದು ಯಾರೂ ಒಪ್ಪಲಿಲ್ಲ. ಎಣ್ಣೆ ಹೊಡೆಯುವ ಕೆಲಸದಲ್ಲೇ ಇರಲಿಲ್ಲವಲ್ಲ, ಎದೆ ನಿಂತಿರಬೇಕು ಎಂದರು. ಗೌರೀಶ ಮಣ್ಣಿಗೆ ಬಂದ, ಕಣ್ಣಿಗೆ ಟವೆಲ್ಲು ಹಚ್ಚಿಕೊಂಡ. ಅವನ ಕಣ್ಣೀರು ಖರೇ ಇತ್ತು, ನಾನು ನೋಡಿದೆ. ಆದರೆ ಮೂರನೆಯ ದಿನಕ್ಕೆ ಮತ್ತೆ ಎಣ್ಣೆ ಹೊಡೆಸಿದ. ಅದೂ ಉಪಯೋಗಕ್ಕೆ ಬರಲಿಲ್ಲ. ಈಗ ನನ್ನ ಒಲೆಯ ಮುಂದೆ ನಿಂತರೆ ಕಾಲುವೆಯ ಕೆಳಗೆ ಕಂದು ಬಿಟ್ಟು ಬೇರೆ ಬಣ್ಣವಿಲ್ಲ. ಅದನ್ನು ನೋಡಲು ಯಾವ ಸೆಟ್‌ಲೈಟೂ ಬೇಡ. ಫೋಟೋ ತೆಗೆಯಲು ಯಲಬುರ್ಗಾದ ಕಡೆಯ ಒಬ್ಬನನ್ನು ತಂದಿದ್ದಾರೆ, ಅವನಿಗೂ ಅಂಥದ್ದೇ ಟೊಪ್ಪಿಗೆ.

ಮಣ್ಣಾಗಿ ಒಂದು ವಾರದ ಮೇಲೆ ಅನ್ನಪೂರ್ಣ ಬಂದಳು. ಜೀಪಿನಲ್ಲಲ್ಲ, ಬಸ್ಸಿಗೆ ಬಂದಳು. ನಾನೇ ಅವಳನ್ನು ತಗಡಿನ ಮನೆಗೆ ಕರೆದುಕೊಂಡು ಹೋದೆ. ಕೊಟ್ಟಿಗೆಯಲ್ಲಿ ಪಂಪು ಹಾಗೇ ತಲೆಕೆಳಗಾಗಿ ತೂಗುತ್ತಿತ್ತು. ಬಾಗಿಲ ಪಕ್ಕ ಬೂಟು. ಹುಡುಗಿ ದುರ್ಗಾದೇವಿಯ ಮುಂದೆ ನೆಲದ ಮೇಲೆ ಕೂತು ಅಳತೊಡಗಿದಳು. ದುರ್ಗಾದೇವಿ ಅಳಲಿಲ್ಲ. ಅವಳಿಗೆ ನೀರು ಕೊಟ್ಟಳು, ಕುಡಿಯುವವರೆಗೆ ಕಾದಳು.

“ಅವತ್ತಿನ ಚಿತ್ರ ಬಂದೈತೇನ್ರಿ?” ಎಂದು ಕೇಳಿದಳು.

ಅನ್ನಪೂರ್ಣ ನನ್ನ ಕಡೆ ನೋಡಿದಳು.

“ಬಂದೈತವ್ವ.”

“ಸೆಟ್‌ಲೈಟು ಬಂದಾಗ ಅವರು ಗದ್ದ್ಯಾಗ ಇದ್ರೇನ್ರಿ?”

“ಇದ್ರು. ಅದ ಹೊತ್ತಿಗೆ.”

“ತೋರಸ್ರಿ.”

ಹುಡುಗಿ ಹಲಗೆ ಫೋನು ತೆಗೆದು ಅವಳ ತೊಡೆಯ ಮೇಲಿಟ್ಟಳು. ಕಾಲುವೆ, ಸೇತುವೆ, ಅದರ ಕೆಳಗೆ ಗೌರೀಶನ ಗದ್ದೆ, ಪೂರ್ತಿ ಕೆಂಪು. ದುರ್ಗಾದೇವಿ ಕಣ್ಣು ಸಣ್ಣ ಮಾಡಿ ಹತ್ತಿರ ಹಿಡಿದು ನೋಡಿದಳು. ನಾಟಿ ಹಚ್ಚಿ ಹಚ್ಚಿ ಸೀಳಿದ ಬೆರಳನ್ನು ಗದ್ದೆಯ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಸಿದಳು, ಸಾಲು ಬಿಡದೆ, ಕಳೆ ಹುಡುಕುವ ಹಾಗೆ. ಕೊನೆಗೆ ಮುಟ್ಟಿ, ಮತ್ತೆ ಮೊದಲಿನಿಂದ ಹುಡುಕಿದಳು.

“ಎಲ್ಲಿ ಅದಾರ?”

“ಕಾಣಂಗಿಲ್ಲವ್ವ” ಎಂದಳು ಅನ್ನಪೂರ್ಣ. “ಈ ಚಿತ್ರದಾಗ ಒಂದು ಚುಕ್ಕಿ ಅಂದ್ರ ನಿಮ್ಮ ಈ ಮನಿ, ಅಂಗಳ ಎಲ್ಲಾ ಕೂಡಿದಷ್ಟು ಜಾಗ. ಅದರಾಗ ಮನುಷ್ಯಾರು ಕಾಣಂಗಿಲ್ಲ.”

ದುರ್ಗಾದೇವಿಯ ಬೆರಳು ನಿಲ್ಲಲಿಲ್ಲ.

“ಟೊಪ್ಪಿಗಿ ಹಾಕ್ಕೊಂಡಿದ್ರಲ್ರಿ” ಎಂದಳು.